ಹೊಸ ಕ್ರೈಸ್ತ ಸಭೆಗಳ ಪ್ರಾರ್ಥನಾ ಮಂದಿರ: ಕರ್ನಾಟಕದಲ್ಲಿ ಕಟ್ಟಡ ನಿಧಿಯ ದಾರಿಗಳು

ಹೊಸದಾಗಿ ಕೂಡಿಕೊಂಡ ಕ್ರೈಸ್ತ ಸಭೆಯೊಂದು ತನ್ನದೇ ಸೂರು ಕಟ್ಟಿಕೊಳ್ಳಲು ಒಟ್ಟುಮಾಡುವ ಹಣ, ನೆಲ, ಸಾಮಗ್ರಿ ಮತ್ತು ಶ್ರಮದಾನಕ್ಕೆ ಸಭೆಗಳಲ್ಲಿ ‘ಕಟ್ಟಡ ನಿಧಿ’ ಎನ್ನುತ್ತಾರೆ. ಮೇಲ್ನೋಟಕ್ಕೆ ಇದು ಬರೀ ಲೆಕ್ಕಪತ್ರದ ಸಂಗತಿ. ಸುತ್ತಲಿನವರ ವಿರೋಧ ಇರುವ ಕಡೆ ಮಾತ್ರ ಅದರ ಸ್ವರೂಪವೇ ಬೇರೆ. ಹಣ ಎಲ್ಲಿಂದ ಬಂತು, ಜಾಗ ಯಾರ ಹೆಸರಿನಲ್ಲಿದೆ, ಕೊಟ್ಟವರ ಪಟ್ಟಿಯಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಗಳ ಮೇಲೆ ಆ ಕಟ್ಟಡದ ಉಳಿವು ನಿಂತಿರುತ್ತದೆ. ಇಟ್ಟಿಗೆ ಸಿಮೆಂಟಿಗಿಂತ ಕಾಗದಪತ್ರಕ್ಕೆ, ಕಾಗದಪತ್ರಕ್ಕಿಂತ ನೆರೆಹೊರೆಯ ನಂಬಿಕೆಗೆ ಇಲ್ಲಿ ಹೆಚ್ಚು ಬೆಲೆ ತೆರಬೇಕಾಗುತ್ತದೆ.

ಶಿವಮೊಗ್ಗದ ಸವಳಂಗ ರಸ್ತೆಯ ಉದಾಹರಣೆ ಇಟ್ಟುಕೊಂಡರೆ ವಿಷಯ ಸುಲಭವಾಗಿ ತಿಳಿಯುತ್ತದೆ. ನಗರದಿಂದ ಹೊರಟ ಈ ರಸ್ತೆ ನವುಲೆಯ ಎಂಜಿನಿಯರಿಂಗ್ ಕಾಲೇಜು, ಕೃಷಿ ವಿಶ್ವವಿದ್ಯಾಲಯದ ಆವರಣಗಳನ್ನು ದಾಟಿ ಸವಳಂಗಕ್ಕೆ, ಅಲ್ಲಿಂದ ಶಿಕಾರಿಪುರದ ಕಡೆಗೆ ಹೋಗುತ್ತದೆ. ಸವಳಂಗದ ಆಸುಪಾಸಿನಲ್ಲೇ ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪವಿದೆ. ಒಂದು ತುದಿಯಲ್ಲಿ ಹೊಸ ಬಡಾವಣೆ, ಹಾಸ್ಟೆಲ್, ಬಾಡಿಗೆ ಮನೆ. ಇನ್ನೊಂದು ತುದಿಯಲ್ಲಿ ಹಳ್ಳಿ, ತಾಂಡಾ, ಮೆಕ್ಕೆಜೋಳದ ಹೊಲ. ಊರು ಬೆಳೆಯುವ ಇಂಥ ಅಂಚುಗಳಲ್ಲೇ ಹೊಸ ಸಭೆಗಳು ಸಾಮಾನ್ಯವಾಗಿ ಹುಟ್ಟುತ್ತವೆ. ಕೆಲಸಕ್ಕೆಂದು ಬಂದವರಿಗೆ ಹಳೆಯ ಚರ್ಚ್ ದೂರ, ನಿವೇಶನದ ಬೆಲೆ ಇನ್ನೂ ದೂರ.

ಹಳೆಯ ಸಭೆ ಮತ್ತು ಹೊಸ ಸಭೆ

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರ ಸಂಖ್ಯೆ ಸುಮಾರು 11.4 ಲಕ್ಷ, ಅಂದರೆ ಶೇ. 1.87. ಇವರಲ್ಲಿ ದೊಡ್ಡ ಪಾಲು ಕ್ಯಾಥೊಲಿಕರು. ಪ್ರೊಟೆಸ್ಟೆಂಟರಲ್ಲಿ ಮುಖ್ಯವಾದದ್ದು 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆ, ಜನರ ಬಾಯಲ್ಲಿ ಸಿಎಸ್ಐ. ಈ ಹಳೆಯ ಸಭೆಗಳಿಗೆ ಬಿಷಪ್, ಆಸ್ತಿಯ ಟ್ರಸ್ಟ್, ನೂರು ವರ್ಷದ ದಾಖಲೆ ಎಲ್ಲವೂ ಇವೆ. ಶಿವಮೊಗ್ಗ ಕ್ಯಾಥೊಲಿಕ್ ಧರ್ಮಪ್ರಾಂತವನ್ನೇ ನೋಡಿ. 1988ರ ನವೆಂಬರ್ 14ರಂದು ಚಿಕ್ಕಮಗಳೂರು ಧರ್ಮಪ್ರಾಂತದಿಂದ ಬೇರ್ಪಟ್ಟು, ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳನ್ನು ಒಳಗೊಂಡು, ಶಿವಮೊಗ್ಗ ನಗರದ ಪವಿತ್ರ ಹೃದಯ ಪ್ರಧಾನಾಲಯವನ್ನು ಕೇಂದ್ರವಾಗಿಸಿಕೊಂಡಿತು. ಇಂಥ ಸಂಸ್ಥೆ ಹೊಸ ಚರ್ಚ್ ಕಟ್ಟುವಾಗ ಹಿಂದೆ ಒಂದು ಆಡಳಿತವೇ ನಿಂತಿರುತ್ತದೆ.

ಈ ಲೇಖನದಲ್ಲಿ ‘ಹೊಸ ಸಭೆ’ ಎಂದರೆ ಆ ಬೆಂಬಲವಿಲ್ಲದ ಸ್ವತಂತ್ರ ಸಭೆ, ಹೆಚ್ಚಾಗಿ ಪೆಂಟೆಕೋಸ್ಟಲ್ ಅಥವಾ ಸುವಾರ್ತಾ ಸಭೆ. ಒಬ್ಬ ಪಾಸ್ಟರ್, ಮೂವತ್ತು ನಲವತ್ತು ವಿಶ್ವಾಸಿಗಳು, ಭಾನುವಾರದ ಆರಾಧನೆ, ಬುಧವಾರವೋ ಶುಕ್ರವಾರವೋ ಉಪವಾಸ ಪ್ರಾರ್ಥನೆ. ಮೊದಲು ಯಾರದೋ ಮನೆಯ ಪಡಸಾಲೆ. ಜನ ಹೆಚ್ಚಾದಾಗ ಬಾಡಿಗೆ ಹಾಲ್. ಆಮೇಲೆ ಊರಾಚೆ ಒಂದು ತುಂಡು ಜಾಗದಲ್ಲಿ ನಾಲ್ಕು ಕಂಬ ನೆಟ್ಟು ಶೀಟ್ ಹೊದಿಸಿದ ಚಪ್ಪರ. ಮಲೆನಾಡಿನ ಅಂಚಿನಲ್ಲಿ ಆಷಾಢದ ಮಳೆ ತಗಡಿನ ಮೇಲೆ ಬಿದ್ದಾಗ ಬೋಧನೆ ಕೇಳಿಸುವುದಿಲ್ಲ. ಪಾಸ್ಟರ್ ಬೈಬಲ್ ಮಡಚಿ ಸುಮ್ಮನೆ ನಿಲ್ಲುತ್ತಾರೆ, ಹೆಂಗಸರು ಹಾಡೊಂದನ್ನು ಎತ್ತಿಕೊಳ್ಳುತ್ತಾರೆ, ಸೋರುವ ಜಾಗದಲ್ಲಿ ಚಾಪೆ ಸರಿಸಿ ಬಕೆಟ್ ಇಡುತ್ತಾರೆ. ‘ಸ್ವಂತದ್ದೊಂದು ಆಗಬೇಕು ಪಾಸ್ಟರೇ’ ಎಂಬ ಮಾತು ಹುಟ್ಟುವುದು ಅಲ್ಲಿ.

ಬಾಡಿಗೆ ಹಾಲ್‌ನ ಕಷ್ಟ ಮಳೆಯಲ್ಲಿಲ್ಲ, ಮಾಲೀಕನ ಮೇಲೆ ಬೀಳುವ ಒತ್ತಡದಲ್ಲಿದೆ. ನಾಲ್ಕು ಜನ ಬಂದು ‘ಇಲ್ಲಿ ಮತಾಂತರ ನಡೀತಿದೆ’ ಎಂದು ಕೂಗಿದರೆ ಸಾಕು, ಮಾಲೀಕ ಮುಂದಿನ ತಿಂಗಳು ಖಾಲಿ ಮಾಡಿ ಎನ್ನುತ್ತಾನೆ. ಅವನನ್ನು ದೂರಿ ಫಲವಿಲ್ಲ. ಅವನೂ ಅದೇ ಬೀದಿಯಲ್ಲಿ ಬಾಳಬೇಕಾದವನು. ಕಟ್ಟಡ ನಿಧಿ ಶುರುವಾಗುವುದು ವೈಭವದ ಆಸೆಯಿಂದಲ್ಲ, ಹೀಗೆ ಮತ್ತೆ ಮತ್ತೆ ಎಬ್ಬಿಸಿಕೊಂಡು ಸುಸ್ತಾದವರಿಂದ.

ಹಿಂದಿನ ಕಾಲದಲ್ಲಿ

ಚರ್ಚ್ ಕಟ್ಟಲು ಅನುಮತಿ ಮತ್ತು ಹಣದ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಇಂದಿನ ಶಿವಮೊಗ್ಗ ಜಿಲ್ಲೆಯ ಕೆಳದಿ ಮೂಲದ ನಾಯಕರು ಕರಾವಳಿಯನ್ನೂ ಆಳುತ್ತಿದ್ದರು. ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ ಪೋರ್ಚುಗೀಸರೊಂದಿಗೆ ಆದ 1678ರ ಒಪ್ಪಂದ ಮಿರ್ಜಾನ, ಹೊನ್ನಾವರ, ಚಂದಾವರ, ಕಲ್ಯಾಣಪುರದಂಥ ಊರುಗಳಲ್ಲಿ ಚರ್ಚ್ ಕಟ್ಟಲು ಅವಕಾಶ ಕೊಟ್ಟಿತು. ಅದರ ಹಿಂದೆ ಅಕ್ಕಿ, ಮೆಣಸಿನ ವ್ಯಾಪಾರದ ಲೆಕ್ಕವೂ ಇತ್ತು. ಮುಂದೆ 1784ರಲ್ಲಿ ಟಿಪ್ಪು ಕೆನರಾದ ಕ್ಯಾಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ 27 ಚರ್ಚುಗಳು ನೆಲಸಮವಾದವೆಂದು ಇತಿಹಾಸಕಾರರು ಬರೆದಿದ್ದಾರೆ. ಮೂಡಬಿದಿರೆ ಬಳಿಯ ಹೊಸಬೆಟ್ಟಿನ ಚರ್ಚ್ ಚೌಟ ಅರಸರ ರಕ್ಷಣೆಯಿಂದ ಉಳಿಯಿತು. 1799ರ ನಂತರ ಮರಳಿದವರು ಕಳೆದುಕೊಂಡ ಹೊಲಗದ್ದೆಗಳನ್ನು ಬಿಡಿಸಿಕೊಳ್ಳುತ್ತಲೇ ಚರ್ಚುಗಳನ್ನೂ ಒಂದೊಂದಾಗಿ ಎಬ್ಬಿಸಿದರು. ಭೂಮಿ ಕೈಗೆ ಬಂದ ಮೇಲೆ ಗುಡಿ. ಈ ಕ್ರಮ ಇಂದಿಗೂ ಬದಲಾಗಿಲ್ಲ.

ವಿರೋಧದ ನಡುವೆ ಹುಟ್ಟಿದ ಸಭೆಗೆ ಹಣ ಹೇಗೆ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಅತ್ಯಂತ ಪೂರ್ಣವಾದ ಉತ್ತರ ಕಂಡುಕೊಂಡದ್ದು ಬಾಸೆಲ್ ಮಿಶನ್. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಕ್ರೈಸ್ತನಾದವನು ಜಾತಿಯಿಂದ ಹೊರಬೀಳುತ್ತಿದ್ದ. ಜಾತಿಯೊಂದಿಗೆ ಕಸುಬು, ಗೇಣಿ ಭೂಮಿ, ಮನೆ ಎಲ್ಲವೂ ಹೋಗುತ್ತಿದ್ದವು. ಬಿಲ್ಲವ ಕ್ರೈಸ್ತರಿಗೆ ಶೇಂದಿ ಇಳಿಸುವ ಕಸುಬನ್ನು ಮಿಶನ್ನೇ ಬಿಡಿಸಿತು. 1844ರಲ್ಲಿ ಆನಂದರಾವ್ ಕೌಂಡಿನ್ಯ ಸೇರಿದಂತೆ ಸಾರಸ್ವತ ಮನೆತನದ ತರುಣರು ಕ್ರೈಸ್ತರಾದಾಗ ಮಂಗಳೂರು ಪೇಟೆಯೇ ಕೆರಳಿತು. ಬಲ್ಮಠದ ಮಿಶನ್ ಆವರಣ ಆಗ ಆಶ್ರಯವೂ ಹೌದು, ದುಡಿಮೆಯ ಜಾಗವೂ ಹೌದು. 1841ರಲ್ಲಿ ಮುದ್ರಣಾಲಯ, ಆಮೇಲೆ ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಶುರುಮಾಡಿದ ಹಂಚಿನ ಕಾರ್ಖಾನೆ. ಕೂಲಿ ಸಿಕ್ಕವನು ಕಾಣಿಕೆ ಹಾಕಬಲ್ಲವನಾದ. ಕರಾವಳಿಯ ಚಾವಣಿಯನ್ನೇ ಬದಲಿಸಿದ ಮಂಗಳೂರು ಹಂಚಿನ ಮೂಲ, ಮನೆ ಕಳೆದುಕೊಂಡ ಜನಕ್ಕೆ ಅನ್ನ ಹುಡುಕಿದ ಈ ಪ್ರಯತ್ನದಲ್ಲಿದೆ.

ಕೊಡಗಿನಲ್ಲಿ ಮಿಶನರಿ ಮೋಗ್ಲಿಂಗ್ ಇದೇ ಕೆಲಸವನ್ನು ಭೂಮಿಯ ಮೂಲಕ ಮಾಡಿದ. ಹೊಲೆಯ ಸಮುದಾಯದಿಂದ ಬಂದ ಕ್ರೈಸ್ತರಿಗೆ ಸಿದ್ದಾಪುರದ ಬಳಿ ಆನಂದಪುರ ಎಂಬ ಕಾಫಿ ತೋಟದ ವಸಾಹತು ಎದ್ದಿತು. ಹೆಸರು ಬಂದದ್ದು ಆನಂದರಾವ್ ಕೌಂಡಿನ್ಯರಿಂದ. ಎಲ್ಲ ಕಡೆ ಇದು ಫಲಿಸಲಿಲ್ಲ. ಗದಗ ಹತ್ತಿರದ ಮಲ್ಲಸಮುದ್ರದ ಬೇಸಾಯದ ವಸಾಹತು ನೆಲೆ ಕಾಣದೆ ಮುಚ್ಚಿಹೋಯಿತು. ಮಿಶನ್ ಮಾದರಿಯ ದೌರ್ಬಲ್ಯ ಬಯಲಾದದ್ದು 1914ರಲ್ಲಿ. ಮಹಾಯುದ್ಧ ಶುರುವಾಗಿ ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾದರು, ಕಾರ್ಖಾನೆಗಳು ಸರ್ಕಾರದ ಕೈಸೇರಿ 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಎಂಬತ್ತು ವರ್ಷ ಪರದೇಶದ ಆಡಳಿತಕ್ಕೆ ಒರಗಿದ್ದ ಸಭೆಗಳು ಒಂದೇ ಏಟಿಗೆ ತಮ್ಮ ಕಾಲ ಮೇಲೆ ನಿಲ್ಲಬೇಕಾಯಿತು. ಇಂದು ವಿದೇಶಿ ಹಣದ ಬಗ್ಗೆ ನಡೆಯುವ ಚರ್ಚೆಯಲ್ಲಿ ಈ ಪಾಠವನ್ನು ಯಾರೂ ನೆನೆಯದಿರುವುದು ನನಗೆ ಆಶ್ಚರ್ಯದ ಸಂಗತಿ.

ಸ್ಥಳೀಯ ಹಣದ ಮಾತನ್ನು ಮೊದಲೇ ಎತ್ತಿದವರೂ ಇದ್ದರು. ವಿ. ಎಸ್. ಅಜರಯ್ಯ ಮತ್ತು ಸಂಗಡಿಗರು 1905ರ ಡಿಸೆಂಬರ್ 25ರಂದು ಸೆರಾಂಪುರದಲ್ಲಿ ಸ್ಥಾಪಿಸಿದ ನ್ಯಾಷನಲ್ ಮಿಷನರಿ ಸೊಸೈಟಿ ಭಾರತೀಯರ ಹಣ, ಭಾರತೀಯರ ಆಡಳಿತ ಎಂಬುದನ್ನೇ ಧ್ಯೇಯವಾಗಿಸಿತು. ಮುಂದೆ ಬಿಷಪ್ ಆದ ಅಜರಯ್ಯ ತೆಲುಗು ನಾಡಿನ ದೋರ್ನಕಲ್‌ನಲ್ಲಿ ಕಟ್ಟಿಸಿದ ಪ್ರಧಾನಾಲಯ 1939ರಲ್ಲಿ ಪ್ರತಿಷ್ಠೆಯಾಯಿತು. ಗುಡಿಯ ಕಂಬ, ಮಸೀದಿಯ ಮಿನಾರು ಎರಡನ್ನೂ ನೆನಪಿಸುವ ಆ ಕಟ್ಟಡ ಬಡ ರೈತರ ಸಭೆಯದು. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ದಾರಿ ಬೇರೆ: 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರೇ ಅಡಿಗಲ್ಲು ಇಟ್ಟರು. ಅರಮನೆಯ ಔದಾರ್ಯ ಇದ್ದ ಕಡೆ ನೆರೆಯವರ ತಕರಾರು ತಾನಾಗಿಯೇ ಅಡಗುತ್ತದೆ.

ಈಗ ಹಣ ಬರುವ ಬಗೆ

ಹೊಸ ಸಭೆಯ ಮೊದಲ ಆಸರೆ ದಶಮಾಂಶ, ಅಂದರೆ ವಿಶ್ವಾಸಿ ತನ್ನ ಗಳಿಕೆಯ ಹತ್ತರಲ್ಲೊಂದು ಪಾಲನ್ನು ದೇವರಿಗೆಂದು ಎತ್ತಿಡುವುದು. ಗಾರೆ ಕೆಲಸದವರು, ಮನೆಗೆಲಸದವರು, ಅಡಿಕೆ ಸುಲಿಯುವವರು, ಆಟೊ ಓಡಿಸುವವರು ತುಂಬಿದ ಸಭೆಯಲ್ಲಿ ಆ ಹಣ ಪಾಸ್ಟರ ಮನೆ ನಡೆಸಲಿಕ್ಕೇ ಸಾಲದು. ಹಾಗಾಗಿ ಕಟ್ಟಡಕ್ಕೆಂದು ಬೇರೆ ಕಾಣಿಕೆ ಎತ್ತುತ್ತಾರೆ. ಕೆಲವು ಕಡೆ ಮನೆಮನೆಗೆ ಹುಂಡಿ ಡಬ್ಬಿ ಕೊಟ್ಟು ವರ್ಷಕ್ಕೊಮ್ಮೆ ಒಡೆಯುತ್ತಾರೆ. ಮಿಜೋರಾಂನ ಸಭೆಗಳಲ್ಲಿ ಹೆಂಗಸರು ಪ್ರತಿ ಊಟದ ಅಡುಗೆಗೆ ಮೊದಲು ಒಂದು ಹಿಡಿ ಅಕ್ಕಿ ತೆಗೆದಿಡುವ ಪದ್ಧತಿ ನೂರು ವರ್ಷದಿಂದ ನಡೆದಿದೆ, ಅದರಿಂದ ಚರ್ಚುಗಳೂ ಎದ್ದಿವೆ.

ಸುಗ್ಗಿ ಹಬ್ಬದ ಹರಾಜನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮೊದಲ ಫಲ ಎಂದು ವಿಶ್ವಾಸಿಗಳು ತಂದದ್ದೆಲ್ಲ ವೇದಿಕೆಯ ಮುಂದೆ ಸಾಲಾಗಿ ಇರುತ್ತದೆ: ಬಾಳೆಗೊನೆ, ತೆಂಗಿನಕಾಯಿ, ಮೊರದ ತುಂಬ ಭತ್ತ, ಕಾಲು ಕಟ್ಟಿದ ಹುಂಜ, ಹತ್ತು ಮೊಟ್ಟೆ, ಒಂದು ದೊಡ್ಡ ಕುಂಬಳಕಾಯಿ. ಆರಾಧನೆ ಮುಗಿದ ಮೇಲೆ ಕೂಗು ಶುರು. ಕುಂಬಳಕಾಯಿ ನೂರಕ್ಕೆ ಹೋಯಿತು. ಕೊಂಡವನು ಅದನ್ನು ಮನೆಗೆ ಒಯ್ಯದೆ ‘ಮತ್ತೆ ಕೂಗಿ’ ಎಂದು ವಾಪಸ್ ಇಟ್ಟ. ಎರಡನೆಯವನು ನೂರೈವತ್ತಕ್ಕೆ ಕೊಂಡ, ಅವನೂ ಇಟ್ಟ. ಆರೇಳು ಸುತ್ತು ತಿರುಗಿದ ಮೇಲೆ ಒಬ್ಬಳು ಅಜ್ಜಿಗೆ ಆ ಕಾಯಿಯನ್ನು ಪುಕ್ಕಟೆ ಕೊಟ್ಟು ಕಳಿಸುತ್ತಾರೆ. ಸಂತೆಯಲ್ಲಿ ನಲವತ್ತು ರೂಪಾಯಿ ಬಾಳುವ ಕಾಯಿ ಹೀಗೆ ನಾಲ್ಕೈದು ಮೂಟೆ ಸಿಮೆಂಟ್ ಆಗುತ್ತದೆ. ಇಡೀ ಸಭೆ ನಗುತ್ತ ಕೊಟ್ಟ ಹಣ ಅದು; ಎಲ್ಲಿಂದ ಬಂತು ಎಂದು ಯಾರು ಕೇಳಿದರೂ ಸಾಕ್ಷಿಗೆ ಊರೇ ಇದೆ.

ಎರಡನೆಯ ಆಸರೆ ದುಡಿಮೆ. ಸಭೆಯಲ್ಲಿ ಮೇಸ್ತ್ರಿ, ಸೆಂಟ್ರಿಂಗ್‌ನವರು, ಬಡಗಿ, ವೈರಿಂಗ್ ಹುಡುಗರು ಇದ್ದರೆ ಕೂಲಿಯ ಖರ್ಚು ಅರ್ಧ ಇಳಿಯುತ್ತದೆ. ಮೂವತ್ತು–ನಲವತ್ತರ ನಿವೇಶನದಲ್ಲಿ ಇಪ್ಪತ್ತು–ಮೂವತ್ತು ಅಡಿಯ ಹಾಲ್ ಎದ್ದರೆ ಚಾಪೆಯ ಮೇಲೆ ಎಂಬತ್ತು ತೊಂಬತ್ತು ಜನ ಕೂರಬಹುದು. ಕೆಲಸ ಕಂತಿನಲ್ಲಿ ಸಾಗುತ್ತದೆ: ಈ ವರ್ಷ ತಳಪಾಯ, ಮುಂದಿನ ವರ್ಷ ಲಿಂಟಲ್ ಮಟ್ಟ, ಆಮೇಲೆ ಶೀಟ್, ಎಂದಾದರೊಮ್ಮೆ ತಾರಸಿ. ಪ್ರಾರ್ಥನಾ ಮಂದಿರ ಅಡವಿಟ್ಟುಕೊಂಡು ಸಾಲ ಕೊಡಲು ಬ್ಯಾಂಕುಗಳು ಮುಂದಾಗುವುದು ಅಪರೂಪವಾದ್ದರಿಂದ ಕಂತೇ ಗತಿ.

ಭದ್ರಾವತಿಯಂಥ ಕಾರ್ಖಾನೆ ಊರಿನಲ್ಲಿ ಸಭೆಯ ಲೆಕ್ಕ ಕಾರ್ಖಾನೆಯ ಸೈರನ್‌ಗೆ ಕಟ್ಟಿಕೊಂಡಿತ್ತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, ಮೈಸೂರು ಕಾಗದ ಕಾರ್ಖಾನೆ ಎರಡೂ ದೂರದೂರಿನ ಕಾರ್ಮಿಕರನ್ನು ಕರೆತಂದವು. ತಿಂಗಳ ಸಂಬಳ ಬರುವ ಮನೆಗಳಿದ್ದರೆ ತಿಂಗಳ ಕಾಣಿಕೆಯೂ ತಪ್ಪದು. ಕಾಗದ ಕಾರ್ಖಾನೆ ನಿಂತುಹೋಯಿತು; ಕಬ್ಬಿಣ-ಉಕ್ಕಿನ ಕಾರ್ಖಾನೆಯನ್ನು ಮುಚ್ಚಲು ಅದರ ಮಾಲೀಕ ಸಂಸ್ಥೆ ಸೈಲ್ 2023ರ ಜನವರಿಯಲ್ಲಿ ತೀರ್ಮಾನಿಸಿದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ದುಡಿಯುವ ಊರು ಬಡವಾದರೆ ಗುಡಿ, ಮಸೀದಿ, ಚರ್ಚ್ ಮೂರರ ಹುಂಡಿಯೂ ಹಗುರವಾಗುತ್ತದೆ.

ವಿದೇಶಿ ಹಣದ ವಿಷಯದಲ್ಲಿ ಜನರ ಕಲ್ಪನೆಗೂ ವಾಸ್ತವಕ್ಕೂ ದೂರ ಬಹಳ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಧಾರ್ಮಿಕ ಉದ್ದೇಶಕ್ಕೆ ಹಣ ತರಿಸಿಕೊಳ್ಳುವುದನ್ನು ನಿಷೇಧಿಸಿಲ್ಲ. ಆದರೆ ನೋಂದಣಿಗೆ ಮೂರು ವರ್ಷದ ಅಸ್ತಿತ್ವ ಮತ್ತು ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿಯ ಖರ್ಚು ತೋರಿಸಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಪಡೆದ ಸಂಸ್ಥೆ ಅದನ್ನು ಬೇರೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ. ದೊಡ್ಡ ಸಂಸ್ಥೆಯೊಂದು ಹಣ ತರಿಸಿ ಹಳ್ಳಿಯ ಸಣ್ಣ ಸಭೆಗಳಿಗೆ ಹಂಚುತ್ತಿದ್ದ ದಾರಿ ಅಲ್ಲಿಗೆ ಮುಚ್ಚಿತು. ಸವಳಂಗ ರಸ್ತೆಯ ಬದಿಯ ಮೂವತ್ತು ಜನರ ಸಭೆಗೆ ಈ ಬಾಗಿಲು ಇಲ್ಲವೆಂದೇ ಹೇಳಬೇಕು.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಹಿಂಸೆ ಅನುಭವಿಸುವ ಸಭೆಗಳ ಚಿತ್ರ ತೋರಿಸಿ ಪಶ್ಚಿಮದಲ್ಲಿ ಹಣ ಎತ್ತುವ ಕೆಲಸ ದೊಡ್ಡ ಉದ್ಯಮದಷ್ಟೇ ಬೆಳೆದಿತ್ತು, ಅದಕ್ಕೆ ತಕ್ಕ ಲೆಕ್ಕ ಎಲ್ಲ ಕಡೆ ಇರಲಿಲ್ಲ. ಕೇರಳ ಮೂಲದ ಕೆ. ಪಿ. ಯೋಹನ್ನಾನ್ ಕಟ್ಟಿದ ಗಾಸ್ಪೆಲ್ ಫಾರ್ ಏಷ್ಯಾ ಸಂಸ್ಥೆಯ ವಿರುದ್ಧ, ದಾನದ ಹಣ ಹೇಳಿದ ಕೆಲಸಕ್ಕೆ ಬಳಕೆಯಾಗಿಲ್ಲವೆಂದು ಅಮೆರಿಕದ ದಾನಿಗಳು ಮೊಕದ್ದಮೆ ಹೂಡಿದರು. ತಪ್ಪು ಒಪ್ಪಿಕೊಳ್ಳದೆಯೇ ಸಂಸ್ಥೆ 2019ರಲ್ಲಿ 3.7 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಇಂಥ ಪ್ರಕರಣದ ಕಪ್ಪು, ಒಂದು ಡಾಲರ್ ಕಾಣದ ಹಳ್ಳಿ ಪಾಸ್ಟರ ಅಂಗಿಗೂ ಮೆತ್ತಿಕೊಳ್ಳುತ್ತದೆ.

ಸರ್ಕಾರದ ಹಣವೂ ಉಂಟು. 2011–12ರ ಬಜೆಟ್‌ನಲ್ಲಿ ಕ್ರೈಸ್ತ ಸಮುದಾಯದ ಅಭಿವೃದ್ಧಿಗೆ 50 ಕೋಟಿ ರೂಪಾಯಿ ಇಟ್ಟದ್ದು ಶಿಕಾರಿಪುರದ ಶಾಸಕರಾಗಿದ್ದ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ. 2024–25ರಲ್ಲಿ ಸಿದ್ದರಾಮಯ್ಯ ಸರ್ಕಾರ ಘೋಷಿಸಿದ್ದು 200 ಕೋಟಿ, ಮರುವರ್ಷ 250 ಕೋಟಿ. ಚರ್ಚ್ ದುರಸ್ತಿ, ಸಮುದಾಯ ಭವನ, ಸ್ಮಶಾನದ ಕಾಂಪೌಂಡ್‌ನಂಥ ಕೆಲಸಗಳಿಗೆ ಇಂಥ ಅನುದಾನ ಒದಗುತ್ತದೆ. ಆದರೆ ಅರ್ಜಿಯ ಜೊತೆ ನೋಂದಣಿ ಪತ್ರ, ಜಾಗದ ದಾಖಲೆ, ಲೆಕ್ಕ ಪರಿಶೋಧನಾ ವರದಿ ಬೇಕು. ಇರುವ ಚರ್ಚಿಗೆ ಸುಣ್ಣ ಬಣ್ಣ ಸಿಗುತ್ತದೆ. ಸೂರೇ ಇಲ್ಲದವರು ಆ ಸಾಲಿನಲ್ಲಿ ನಿಲ್ಲಲಾರರು.

ನೆಲ ಮತ್ತು ಕಾಗದ

ಕಟ್ಟಡ ನಿಧಿ ಸೋಲುವುದು ಹೆಚ್ಚಾಗಿ ನೆಲದ ವಿಷಯದಲ್ಲಿ. ಊರಾಚೆ ಅಗ್ಗಕ್ಕೆ ಸಿಗುವುದು ಕೃಷಿ ಜಮೀನು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗದೆ ಅಲ್ಲಿ ಕಟ್ಟುವಂತಿಲ್ಲ. ಸಭೆಯ ಬಡ ವಿಶ್ವಾಸಿ ಪ್ರೀತಿಯಿಂದ ಬಿಟ್ಟುಕೊಡುವ ಎರಡು ಗುಂಟೆ ಅನೇಕ ಸಲ ಸರ್ಕಾರ ದರಖಾಸ್ತಿನಲ್ಲಿ ಕೊಟ್ಟದ್ದಾಗಿರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಮಾರಾಟವನ್ನಷ್ಟೇ ಅಲ್ಲ, ದಾನವನ್ನೂ ತಡೆಯುತ್ತದೆ. ಬಡವನ ಭೂಮಿ ಉಳಿಸಲು ಬಂದ ಒಳ್ಳೆಯ ಕಾನೂನು ಅದು. ಅದನ್ನು ತಿಳಿಯದೆ ಕಟ್ಟಿದ ಗೋಡೆ ಮಾತ್ರ ಯಾವತ್ತೂ ಅಲುಗಾಡುತ್ತಿರುತ್ತದೆ. ಅಪ್ಪಣೆಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ನೆಲ, ಅಂದರೆ ಬಗರ್ ಹುಕುಂ ಜಾಗದ ಪಾಡೂ ಇಂಥದ್ದೇ, ಶಿವಮೊಗ್ಗ ಜಿಲ್ಲೆಯಲ್ಲಿ ಅದು ಬೇಕಾದಷ್ಟಿದೆ. ಸಾರ್ವಜನಿಕ ಜಾಗದಲ್ಲಿ ಹೊಸ ಧಾರ್ಮಿಕ ಕಟ್ಟಡಕ್ಕೆ ಅವಕಾಶ ಕೊಡಬಾರದೆಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿದೆ. ನಂಜನಗೂಡು ತಾಲ್ಲೂಕಿನ ಗುಡಿಯೊಂದನ್ನು ಕೆಡವಿದ ಗಲಾಟೆಯ ಬೆನ್ನಿಗೆ 2021ರಲ್ಲಿ ಬಂದ ರಾಜ್ಯದ ಕಾಯ್ದೆ ಅದಾಗಲೇ ಇದ್ದ ಕಟ್ಟಡಗಳಿಗೆ ರಕ್ಷಣೆ ಕೊಡುತ್ತದೆಯೇ ಹೊರತು ಹೊಸತಕ್ಕಲ್ಲ.

ಕಾನೂನಿನಲ್ಲಿ ನೇರವಾದ ದಾರಿಯೂ ಇದೆ, ಅದನ್ನು ಬಳಸುವವರು ಕಡಿಮೆ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ ವ್ಯಾಖ್ಯೆಯಲ್ಲಿ ನಾಗರಿಕ ಸೌಲಭ್ಯ ನಿವೇಶನ ಎಂದರೆ ಶಾಲೆ ಆಸ್ಪತ್ರೆಗಷ್ಟೇ ಅಲ್ಲ, ನೋಂದಾಯಿತ ಸಂಘ ಅಥವಾ ಟ್ರಸ್ಟ್ ನಡೆಸುವ ಧಾರ್ಮಿಕ ಕೇಂದ್ರಕ್ಕೂ ಸಲ್ಲುತ್ತದೆ. ಜನರ ಬಾಯಲ್ಲಿ ಇದೇ ಸಿಎ ಸೈಟು. ಬಡಾವಣೆಯ ನಕ್ಷೆಯಲ್ಲೇ ಗುರುತಾದ ಜಾಗ ಸಿಕ್ಕಿದರೆ ‘ಮನೆಯೆಂದು ಹೇಳಿ ಚರ್ಚ್ ಕಟ್ಟಿದರು’ ಎಂಬ ಆರೋಪಕ್ಕೆ ಎಡೆಯೇ ಇರುವುದಿಲ್ಲ.

ತೆರಿಗೆಯ ಬಗ್ಗೆ ಎರಡೇ ಮಾತು. 1961ರ ಆದಾಯ ತೆರಿಗೆ ಕಾಯ್ದೆಯಡಿ ಒಂದು ಧರ್ಮದವರಿಗಷ್ಟೇ ಸೇರಿದ ಟ್ರಸ್ಟಿಗೆ ಕೊಟ್ಟ ದಾನಕ್ಕೆ 80ಜಿ ರಿಯಾಯಿತಿ ಸಿಗುತ್ತಿರಲಿಲ್ಲ. ಬರೀ ಧಾರ್ಮಿಕ ಉದ್ದೇಶದ ಟ್ರಸ್ಟಿನ ಹುಂಡಿಗೆ ಬಿದ್ದ ಹೆಸರಿಲ್ಲದ ಕಾಣಿಕೆಗೆ ಮಾತ್ರ ಹೆಚ್ಚುವರಿ ತೆರಿಗೆಯಿಂದ ವಿನಾಯಿತಿ ಇತ್ತು.

ನನ್ನ ಮಟ್ಟಿಗೆ ಹೊಸ ಸಭೆಗಳ ದೊಡ್ಡ ತಪ್ಪು ಜಾಗವನ್ನು ಪಾಸ್ಟರ ಸ್ವಂತ ಹೆಸರಿಗೆ ಬರೆಸುವುದು. ಟ್ರಸ್ಟ್ ಮಾಡಲು ಗೊತ್ತಿಲ್ಲದ್ದೋ, ಹೆಸರು ಬಯಲಾಗುವ ಭಯವೋ, ಅಂತೂ ನೋಂದಣಿ ಅವರ ಹೆಸರಿಗೇ ಆಗುತ್ತದೆ. ಪಾಸ್ಟರ್ ತೀರಿಕೊಂಡ ಮೇಲೆ ಅದು ಮಕ್ಕಳ ಪಿತ್ರಾರ್ಜಿತ. ಇಪ್ಪತ್ತು ವರ್ಷ ಹಿಡಿ ಹಿಡಿ ಕೊಟ್ಟವರು ಮತ್ತೆ ಬೀದಿಯಲ್ಲಿ. ಹೊರಗಿನವರ ಕಲ್ಲಿಗಿಂತ ಹೆಚ್ಚು ಸಭೆಗಳು ಒಡೆದದ್ದು ಇಂಥ ಒಳಗಿನ ಜಗಳದಲ್ಲಿ.

ವಿರೋಧ ಮತ್ತು ಅದರ ಬೆಲೆ

2008ರ ಸೆಪ್ಟೆಂಬರ್ 14, ಭಾನುವಾರ, ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ ದಾಳಿಯಾಯಿತು; ಅದೇ ದಿನಗಳಲ್ಲಿ ಕರಾವಳಿ, ಚಿಕ್ಕಮಗಳೂರು, ದಾವಣಗೆರೆ ಮತ್ತಿತರ ಕಡೆಗಳ ಪ್ರಾರ್ಥನಾ ಮಂದಿರಗಳೂ ಗುರಿಯಾದವು. ನೆಪವಾದದ್ದು ನ್ಯೂ ಲೈಫ್ ಎಂಬ ಹೊಸ ಸಭೆ ಮತ್ತು ಹಿಂದೂ ದೇವತೆಗಳನ್ನು ಹೀಯಾಳಿಸಿದೆ ಎನ್ನಲಾದ ಒಂದು ಪುಸ್ತಕ. ಹೊಡೆತ ಬಿದ್ದದ್ದು ಅದಕ್ಕೆ ಸಂಬಂಧವೇ ಇಲ್ಲದ, ಮೌನದಲ್ಲಿ ಪ್ರಾರ್ಥಿಸುವ ಸನ್ಯಾಸಿನಿಯರಿಗೆ. ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟಿತು. ನ್ಯಾಯಮೂರ್ತಿ ಮೈಕೆಲ್ ಸಲ್ಡಾನಾ ಅದೇ ವರ್ಷ ಕೊಟ್ಟ ಖಾಸಗಿ ವರದಿ ಅದಕ್ಕೆ ಸಂಪೂರ್ಣ ವಿರುದ್ಧ ದಿಕ್ಕಿನಲ್ಲಿತ್ತು.

2021 ಇನ್ನೊಂದು ಕಷ್ಟದ ವರ್ಷ. ಜನವರಿಯಿಂದ ನವೆಂಬರ್‌ವರೆಗೆ ರಾಜ್ಯದಲ್ಲಿ ಕ್ರೈಸ್ತರ ವಿರುದ್ಧದ 39 ಘಟನೆಗಳನ್ನು ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್ ದಾಖಲಿಸಿತು. ಅವುಗಳಲ್ಲಿ ಹೆಚ್ಚಿನವು ಭಾನುವಾರದ ಆರಾಧನೆಗೆ ನುಗ್ಗಿದ ಪ್ರಕರಣಗಳು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವಿಧಾನಮಂಡಲದ ಸಮಿತಿಯೊಂದು ಅಧಿಕೃತ, ಅನಧಿಕೃತ ಚರ್ಚುಗಳ ಸಮೀಕ್ಷೆಗೆ ಹೇಳಿತು. ಹೊಸದುರ್ಗದಲ್ಲಿ ಬಲವಂತದ ಮತಾಂತರ ಕಂಡುಬಂದಿಲ್ಲವೆಂದು ತಹಶೀಲ್ದಾರರು ವರದಿ ಕೊಟ್ಟರು, ಬಳಿಕ ಅವರ ವರ್ಗಾವಣೆಯಾಯಿತು. 2022ರ ಸೆಪ್ಟೆಂಬರ್ 30ರಂದು ಪ್ರಕಟವಾದ ಮತಾಂತರ ನಿಷೇಧ ಕಾಯ್ದೆ ಆಮಿಷದ ಮತಾಂತರಕ್ಕೆ ಮೂರರಿಂದ ಐದು ವರ್ಷ, ಮಹಿಳೆಯರು, ಅಪ್ರಾಪ್ತರು ಮತ್ತು ಪರಿಶಿಷ್ಟರ ವಿಷಯದಲ್ಲಿ ಹತ್ತು ವರ್ಷದವರೆಗೆ ಶಿಕ್ಷೆ ಗೊತ್ತುಮಾಡಿತು. ತಪ್ಪಿತಸ್ಥ ಸಂಸ್ಥೆಗೆ ಸರ್ಕಾರದ ನೆರವನ್ನೂ ನಿಲ್ಲಿಸಿತು. ಅದನ್ನು ರದ್ದುಪಡಿಸಲು ಸಚಿವ ಸಂಪುಟ 2023ರ ಜೂನ್ 15ರಂದು ತೀರ್ಮಾನಿಸಿತು.

ಎಲ್ಲ ವಿರೋಧವೂ ದ್ವೇಷವಲ್ಲ. ಮನೆಗಳ ನಡುವೆ ಧ್ವನಿವರ್ಧಕ, ರಸ್ತೆಗೆ ಅಡ್ಡ ನಿಂತ ಬೈಕುಗಳು, ತಡರಾತ್ರಿಯ ಪ್ರಾರ್ಥನೆ ಇವೆಲ್ಲ ಯಾವ ಧರ್ಮದ ನೆರೆಯವನಿಗೂ ಕಿರಿಕಿರಿಯೇ. ತಾಂಡಾಗಳಲ್ಲಿ ಸೇವಾಲಾಲರ ಪರಂಪರೆ ಅಳಿಯುತ್ತದೆ ಎಂಬ ಬಂಜಾರ ಹಿರಿಯರ ನೋವನ್ನು ರಾಜಕೀಯ ಎಂದು ತಳ್ಳಿಹಾಕುವುದು ತಪ್ಪು. ಆದರೆ ಆ ನೋವಿಗೆ ಪ್ರಾರ್ಥನೆಗೆ ಕೂತವರ ಮೇಲೆ ಕೈಮಾಡುವುದು ಉತ್ತರವಲ್ಲ. ಸಂವಿಧಾನದ 25 ಮತ್ತು 26ನೇ ವಿಧಿಗಳು ನಂಬಿಕೆಯ ಜೊತೆಗೆ ಧಾರ್ಮಿಕ ಸಂಸ್ಥೆ ಸ್ಥಾಪಿಸುವ, ಆಸ್ತಿ ಹೊಂದುವ ಹಕ್ಕನ್ನೂ ಕೊಟ್ಟಿವೆ. ಮಳೆಗೆ ನೆನೆಯದೆ ದೇವರ ಹೆಸರು ಹೇಳುವುದು ಆ ಹಕ್ಕಿನ ತೀರಾ ಸಣ್ಣ ಅಂಶ.

ವಿರೋಧ ಖರ್ಚನ್ನು ಹೆಚ್ಚಿಸುತ್ತದೆ. ಮೊದಲು ಏಳುವುದು ಹಾಲ್ ಅಲ್ಲ, ಕಾಂಪೌಂಡ್. ಆಮೇಲೆ ಕ್ಯಾಮೆರಾ, ವಕೀಲರ ಫೀಸು, ನಿಂತ ಕೆಲಸದಲ್ಲಿ ಗಟ್ಟಿಯಾಗಿ ಹಾಳಾದ ಸಿಮೆಂಟ್. ಹೇಳಿಕೊಳ್ಳಲಾಗದ ತೊಡಕು ಇನ್ನೊಂದಿದೆ. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಲ್ಲ. ಕರ್ನಾಟಕದಲ್ಲಿ ಅಂಥವರು ಪ್ರವರ್ಗ 1ಕ್ಕೆ ಸೇರುತ್ತಾರೆ. ಮಗಳ ಹಾಸ್ಟೆಲ್ ಸೀಟು, ಮಗನ ಕೆಲಸ ನೆನೆದು ತಾಯಿಯೊಬ್ಬಳು ರಸೀದಿಯಲ್ಲಿ ಹೆಸರು ಬರೆಸಲು ಒಲ್ಲೆ ಎನ್ನುತ್ತಾಳೆ. ಹೆಸರಿಲ್ಲದಿದ್ದರೆ ಸದಸ್ಯರ ಪಟ್ಟಿ ಇಲ್ಲ, ಪಟ್ಟಿ ಇಲ್ಲದಿದ್ದರೆ ‘ನಮ್ಮದೇ ಹಣ’ ಎಂದು ತೋರಿಸಲು ಕಾಗದ ಇಲ್ಲ. ಅವಳದೇ ಬೆವರಿನ ಐನೂರು ರೂಪಾಯಿ ಹೊರಗಿನವರ ಮಾತಿನಲ್ಲಿ ವಿದೇಶಿ ಹಣವಾಗುತ್ತದೆ.

ಹಾಳಾದ ಕಟ್ಟಡಕ್ಕೆ ಸರ್ಕಾರದ ಪರಿಹಾರವೂ ನಿಶ್ಚಿತವಲ್ಲ. ಗುಜರಾತಿನ 2002ರ ಗಲಭೆಯಲ್ಲಿ ಹಾನಿಯಾದ ಪ್ರಾರ್ಥನಾ ಸ್ಥಳಗಳ ದುರಸ್ತಿ ವೆಚ್ಚವನ್ನು ರಾಜ್ಯವೇ ಭರಿಸಬೇಕೆಂಬ ಹೈಕೋರ್ಟ್ ಆದೇಶವನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಬದಿಗಿಟ್ಟು, ಗರಿಷ್ಠ 50,000 ರೂಪಾಯಿ ಕೊಡುವ ಸರ್ಕಾರದ ಯೋಜನೆಯನ್ನು ಒಪ್ಪಿತು.

ಬೇರೆ ದೇಶಗಳಲ್ಲಿ

ಈ ಕಷ್ಟ ಕ್ರೈಸ್ತ ಧರ್ಮದಷ್ಟೇ ಹಳೆಯದು. ಸಿರಿಯಾದ ದುರಾ–ಯುರೋಪೋಸ್‌ನಲ್ಲಿ ಉತ್ಖನನದಿಂದ ಸಿಕ್ಕ, 3ನೇ ಶತಮಾನದ ಮಧ್ಯಭಾಗದ ಚರ್ಚ್ ಮೂಲತಃ ವಾಸದ ಮನೆ; ಎರಡು ಕೋಣೆಗಳ ನಡುವಿನ ಗೋಡೆ ಕೆಡವಿ ಹಾಲ್ ಮಾಡಿಕೊಂಡಿದ್ದರು. ಹೊರಗಿನಿಂದ ಅದು ಬೀದಿಯ ಇತರ ಮನೆಗಳಂತೆಯೇ ಕಾಣುತ್ತಿತ್ತು. ಇಂಡೋನೇಷ್ಯಾದಲ್ಲಿ 2006ರ ನಿಯಮದಂತೆ ಹೊಸ ಪ್ರಾರ್ಥನಾ ಸ್ಥಳಕ್ಕೆ 90 ಜನ ಬಳಕೆದಾರರ ಪಟ್ಟಿ ಮತ್ತು ಸುತ್ತಲಿನ 60 ಜನರ ಒಪ್ಪಿಗೆ ಬೇಕು. ಈಜಿಪ್ಟಿನಲ್ಲಿ ಚರ್ಚ್ ನಿರ್ಮಾಣಕ್ಕೆಂದೇ 2016ರಲ್ಲಿ ಪ್ರತ್ಯೇಕ ಕಾನೂನು ಬಂತು. ಚೀನಾದ ಲಿನ್‌ಫೆನ್‌ನಲ್ಲಿ ವಿಶ್ವಾಸಿಗಳ ಕಾಣಿಕೆಯಿಂದಲೇ ಎದ್ದ ಬೃಹತ್ ಚರ್ಚನ್ನು 2018ರ ಜನವರಿಯಲ್ಲಿ ಸರ್ಕಾರವೇ ಸಿಡಿಮದ್ದಿಟ್ಟು ಉರುಳಿಸಿತು. ಸ್ವಂತ ಹಣವೊಂದೇ ಕಾಪಾಡೀತು ಎನ್ನುವಂತಿಲ್ಲ.

ಲೆಕ್ಕದ ಪುಸ್ತಕ

ಅನುಭವವುಳ್ಳ ಪಾಸ್ಟರುಗಳು ಕೆಲವು ರೂಢಿಗಳನ್ನು ಬಿಡುವುದಿಲ್ಲ. ಕಟ್ಟಡದ ಕಾಣಿಕೆಗೆ ಬ್ಯಾಂಕಿನಲ್ಲಿ ಬೇರೆ ಖಾತೆ, ಮೂವರ ಸಹಿ. ಚೀಲದ ಹಣವನ್ನು ಸಭೆಯ ಮುಂದೆಯೇ ಇಬ್ಬರು ಎಣಿಸುತ್ತಾರೆ, ನೋಟುಗಳನ್ನು ಮೊಣಕಾಲ ಮೇಲೆ ಇಸ್ತ್ರಿ ಮಾಡಿದಂತೆ ಸವರಿ ಜೋಡಿಸುತ್ತಾರೆ, ಮೊತ್ತವನ್ನು ಗಟ್ಟಿಯಾಗಿ ಓದುತ್ತಾರೆ. ಮರಳಿನ ಲೋಡು, ಜಂಬಿಟ್ಟಿಗೆಯ ಲೆಕ್ಕ, ಮೇಸ್ತ್ರಿಯ ಮುಂಗಡ ಎಲ್ಲಕ್ಕೂ ರಸೀದಿ ಅಂಟಿಸಿರುತ್ತಾರೆ. ತಳಪಾಯ ತೋಡುವ ಮುಂಚೆ ಅಕ್ಕಪಕ್ಕದ ಮನೆಗಳಿಗೆ ಹೋಗಿ, ಭಾನುವಾರ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಹಾಡು ಇರುತ್ತದೆ, ಗಾಡಿ ಎಲ್ಲಿ ನಿಲ್ಲಿಸುತ್ತೇವೆ ಎಂದು ಹೇಳಿ ಬರುತ್ತಾರೆ. ಬೋರ್ ಕೊರೆಸಿದರೆ ಕಾಂಪೌಂಡಿನ ಹೊರಗೂ ಒಂದು ನಲ್ಲಿ ಬಿಡುತ್ತಾರೆ. ತಿಪ್ಪೆಗೆ ಬಂದವರು, ದನ ಮೇಯಿಸುವವರು ಅಲ್ಲಿ ಕೊಡ ತುಂಬಿಕೊಳ್ಳುತ್ತಾರೆ. ಹಾಲ್‌ನ ಗೋಡೆ ಆಗ ಇನ್ನೂ ಲಿಂಟಲ್ ಮಟ್ಟದಲ್ಲೇ ಇರುತ್ತದೆ.